ಮೈಕ್‌ನವನನ್ನು ಕೇಳಿ: ಬೆಂಗಳೂರಲ್ಲಿ ಹಾಡು ಎಲ್ಲಿ ಕೇಳಿಸುತ್ತೆ?

ಈ ಸಲದ ಓದುಗರ ಪ್ರಶ್ನೆಗಳೆಲ್ಲ ಬೆಂಗಳೂರಿನ ಸಂಗೀತದ ಜಾಗಗಳ ಬಗ್ಗೆ. ಸಂಪಾದಕರು ಫೋನ್ ಮಾಡಿದಾಗ ‘ಇದಕ್ಕೆ ಯಾರಾದರೂ ವಿದ್ವಾಂಸರನ್ನು ಹಿಡೀರಿ ಸ್ವಾಮಿ’ ಅಂದೆ. ‘ವಿದ್ವಾಂಸರು ಸ್ಟೇಜ್ ಮೇಲೆ ಕೂತು ನೋಡಿರ್ತಾರೆ, ನೀವು ಜನರ ಮಧ್ಯೆ ನಿಂತು ನೋಡಿದೀರಿ’ ಅಂದರು. ಆ ಮಾತಿಗೆ ಸೋತೆ.

ನನ್ನ ಪರಿಚಯ ಇಷ್ಟೇ. 1979ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ಚಾಮರಾಜಪೇಟೆಯ ಒಂದು ಮೈಕ್ ಸೆಟ್ ಅಂಗಡಿಗೆ ಕೆಲಸಕ್ಕೆ ಸೇರಿದೆ. ಸೈಕಲ್ ಕ್ಯಾರಿಯರ್ ಮೇಲೆ ಹಾರ್ನ್ ಕಟ್ಟಿಕೊಂಡು ಹೋಗುವುದು, ಮರ ಹತ್ತುವುದು, ವೈರ್ ಎಳೆಯುವುದು. ಮದುವೆ, ಹರಿಕಥೆ, ಚುನಾವಣೆ, ಕಚೇರಿ, ಆರ್ಕೆಸ್ಟ್ರಾ ಎಲ್ಲಕ್ಕೂ ಅದೇ ಹಾರ್ನ್. ಈಗ ನನ್ನ ಮಗ ಟ್ಯಾಬ್ ಹಿಡಿದುಕೊಂಡು ಸೌಂಡ್ ನೋಡುತ್ತಾನೆ. ನಾನು ಹಿಂದಿನ ಸಾಲಿನಲ್ಲಿ ಕೂತು ‘ಸ್ವಲ್ಪ ಕಮ್ಮಿ ಮಾಡೋ’ ಅಂತ ಕೈ ತೋರಿಸುತ್ತೇನೆ. ಅವನು ಮಾಡಿದ ಹಾಗೆ ನಟಿಸುತ್ತಾನೆ. ನಾನೂ ನಮ್ಮ ಯಜಮಾನರಿಗೆ ಹಾಗೇ ಮಾಡುತ್ತಿದ್ದೆ.

ಪ್ರಶ್ನೆ: ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳನ್ನು ರಸ್ತೆಯಲ್ಲಿ ಪೇಪರ್ ಹಾಸಿಕೊಂಡು ಕೂತು ಕೇಳುತ್ತಿದ್ದೆವು ಎಂದು ನಮ್ಮ ತಂದೆ ಹೇಳುತ್ತಿದ್ದರು. ಸ್ವಲ್ಪ ಉಪ್ಪು ಖಾರ ಹಚ್ಚಿ ಹೇಳುತ್ತಿದ್ದರೇ? — ಹನುಮಂತನಗರದ ಓದುಗರು

ಉತ್ತರ: ನಿಮ್ಮ ತಂದೆ ಹೇಳಿದ್ದು ಅಕ್ಷರಶಃ ನಿಜ. ಅವರ ಪಕ್ಕದ ಪೇಪರ್ ನನ್ನದೇ ಇದ್ದಿರಬಹುದು.

ಈ ಕಚೇರಿಗಳನ್ನು ನಡೆಸುವ ಶ್ರೀ ರಾಮಸೇವಾ ಮಂಡಲಿ ಶುರುವಾಗಿದ್ದು 1939ರಲ್ಲಿ. ಎಸ್.ವಿ. ನಾರಾಯಣಸ್ವಾಮಿ ರಾಯರು ಶುರು ಮಾಡಿದಾಗ ಅವರಿನ್ನೂ ಹುಡುಗ. ಅದು ಬೆಳೆದು ಬೆಳೆದು ಯುಗಾದಿ ಕಳೆದ ಮೇಲೆ ಒಂದು ತಿಂಗಳಿಗೂ ಮೀರಿ ನಡೆಯುವ ಉತ್ಸವವಾಯಿತು. ಎಂ.ಎಸ್. ಸುಬ್ಬುಲಕ್ಷ್ಮಿ, ಬಾಲಮುರಳಿಕೃಷ್ಣ, ಭೀಮಸೇನ ಜೋಶಿ, ಯೇಸುದಾಸ್ ಎಲ್ಲರೂ ಹಾಡಿದ ಪೆಂಡಾಲು. ನಾನು ಅಲ್ಲಿ ಮೈಕ್ ಹಾಕಿದವನಲ್ಲ. ಹಾಕುವವರಿಗೆ ಒಂದೆರಡು ವರ್ಷ ಕೈಯಾಳಾಗಿ ಹೋಗಿದ್ದೆ. ಮಿಕ್ಕ ವರ್ಷಗಳಲ್ಲಿ ಕಾಂಪೌಂಡ್ ಆಚೆಗಿನ ಗಿರಾಕಿ.

ಪೆಂಡಾಲಿನ ಗುಟ್ಟು ಹೇಳುತ್ತೇನೆ. ಗೋಡೆ ಇರುವ ಹಾಲ್‌ನಲ್ಲಿ ಹಾಡಿದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಬಂದಿದ್ದು ಮುಂದಿನ ಸ್ವರದ ಮೇಲೆ ಬೀಳುತ್ತದೆ. ವೇಗವಾಗಿ ಕಲ್ಪನಾ ಸ್ವರ ಹಾಕುವಾಗ ಎಲ್ಲ ಕಲಸಿದ ಅವಲಕ್ಕಿ ತರ ಕೇಳುವುದು ಅದಕ್ಕೇ. ಪೆಂಡಾಲಿನಲ್ಲಿ ಸುತ್ತ ಇರುವುದು ಬಟ್ಟೆ. ಹೋದ ಸದ್ದು ಹೋಯಿತು. ಒಳಗೆ ಕೂತವರಿಗೆ ಹಾಡು ಬಿಡಿ ಬಿಡಿಯಾಗಿ ಕೇಳುತ್ತದೆ, ಹೊರಗೆ ಹೋದದ್ದು ರಸ್ತೆಯವರಿಗೆ ಸಿಗುತ್ತದೆ. ಟಿಕೆಟ್ ಇದ್ದವನಿಗೂ ಇಲ್ಲದವನಿಗೂ ಒಂದೇ ತೋಡಿ ರಾಗ. ಹಾಗೆಯೇ ರಸ್ತೆಯ ಸದ್ದೂ ಪುಕ್ಕಟೆ ಒಳಗೆ ಬರುತ್ತದೆ. ಆಲಾಪನೆ ನಡೆಯುತ್ತಿರುವಾಗ ಮಾರ್ಕೆಟ್ ಕಡೆಯ ಬಸ್ಸು ಹಾರ್ನ್ ಹೊಡೆದರೆ ಪಿಟೀಲಿನವರು ತಲೆ ಎತ್ತದೆ ಒಂದು ನಗು ನಗುತ್ತಿದ್ದರು. ಅದನ್ನು ನೋಡಲಿಕ್ಕೆ ಮಾತ್ರ ಟಿಕೆಟ್ ಬೇಕಿತ್ತು.

ಇನ್ನೊಂದು ಸಮಸ್ಯೆ ಇತ್ತು. ಮೈದಾನ ಉದ್ದ ಇದ್ದಾಗ ಹಿಂದಿನವರಿಗೆ ಅಂತ ದೂರದ ಕಂಬಕ್ಕೂ ಹಾರ್ನ್ ಕಟ್ಟುತ್ತಿದ್ದೆವು. ವೈರಿನಲ್ಲಿ ಹಾಡು ಕಣ್ಣು ಮಿಟುಕಿಸುವ ಮೊದಲೇ ಹೋಗುತ್ತದೆ. ಗಾಳಿಯಲ್ಲಿ ಹೋಗುವ ಸದ್ದಿಗೆ ಸೆಕೆಂಡಿಗೆ ಸುಮಾರು 340 ಮೀಟರ್ ವೇಗ. ಸ್ಟೇಜ್‌ನಿಂದ 35 ಮೀಟರ್ ಹಿಂದೆ ಕೂತವನಿಗೆ ಪಕ್ಕದ ಹಾರ್ನಿನ ‘ರಾಮಾ’ ಮೊದಲು, ಸ್ಟೇಜಿನ ‘ರಾಮಾ’ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ. ಒಬ್ಬ ರಾಮನಿಗೆ ಇಬ್ಬರು ರಾಮರು. ಈಗ ಮಿಕ್ಸರ್‌ನಲ್ಲಿ ‘ಡಿಲೇ’ ಅಂತ ಒಂದು ಅಂಕಿ ಹಾಕಿದರೆ ಹಿಂದಿನ ಸ್ಪೀಕರ್ ಅಷ್ಟು ಹೊತ್ತು ಕಾಯುತ್ತದೆ. ಆಗ ನಮ್ಮ ಯಜಮಾನರ ಡಿಲೇ ಏನು ಗೊತ್ತಾ? ಆ ಕಡೆ ಹಾರ್ನಿನ ವೈರ್ ಕಿತ್ತುಹಾಕೋದು. ‘ಹಿಂದಿನವರು ಮುಂದೆ ಬರಲಿ’ ಅನ್ನುತ್ತಿದ್ದರು.

ಪೆಂಡಾಲಿಗೆ ದೊಡ್ಡ ಶತ್ರು ಮಳೆ. ರಾಮನವಮಿಗೂ ಮಾವಿನ ಮಳೆಗೂ ಏನೋ ಒಪ್ಪಂದ ಇದೆ. ಒಂದು ಬೀದಿಯ ಸಣ್ಣ ಪೆಂಡಾಲಿನಲ್ಲಿ ನಡೆದದ್ದು ಹೇಳಿಬಿಡುತ್ತೇನೆ, 1980ರ ದಶಕದ್ದು. ಗುಡುಗು ಬಂತು, ಕರೆಂಟ್ ಹೋಯಿತು. ಹಾಡುತ್ತಿದ್ದ ವಿದ್ವಾಂಸರು ನಿಲ್ಲಿಸಲಿಲ್ಲ. ಮೈಕ್ ಕಂಬವನ್ನು ಒಂದು ಕೈಯಿಂದ ಪಕ್ಕಕ್ಕೆ ಸರಿಸಿದರು. ಜನ ಕಬ್ಬಿಣದ ಕುರ್ಚಿ ಎತ್ತಿಕೊಂಡು, ಸದ್ದು ಮಾಡದ ಹಾಗೆ, ಸ್ಟೇಜ್ ಸುತ್ತ ಬಂದು ಕೂತರು. ಒಂದು ಪೆಟ್ರೋಮ್ಯಾಕ್ಸ್ ಬಂತು. ತಂಬೂರಿ ಅಷ್ಟು ಚೆನ್ನಾಗಿ ಕೇಳಿದ್ದು ನನಗೆ ಅದೇ ಮೊದಲು. ಯಾಕೆಂದರೆ ನಾವು ತಂಬೂರಿಗೆ ಮೈಕನ್ನೇ ಇಡುತ್ತಿರಲಿಲ್ಲ. ಹಾಗೇ ಅರ್ಧ ಗಂಟೆ ನಡೆಯಿತು. ಆಮೇಲೆ ಕರೆಂಟ್ ಬಂತು. ಆಂಪ್ಲಿಫೈಯರ್ ಆಫ್ ಮಾಡಬೇಕಿದ್ದವನು ನಾನು. ಮಾಡಿರಲಿಲ್ಲ. ವಾಲ್ಯೂಮ್ ಪೂರ್ತಿ ಮೇಲೆ. ನಾಲ್ಕೂ ಹಾರ್ನ್ ಒಟ್ಟಿಗೇ ‘ಕೂಊಯ್’ ಅಂದವು. ಮುಂದೆ ನಿದ್ದೆ ಮಾಡುತ್ತಿದ್ದ ಮಗು ಎದ್ದು ಅತ್ತಿತು, ಆ ಮಗುವಿನ ತಾಯಿ ನನ್ನನ್ನು ನೋಡಿದರು, ಯಜಮಾನರು ನೋಡದೆಯೇ ಬಾರಿಸಿದರು.

ಪ್ರಶ್ನೆ: ಚೌಡಯ್ಯ ಹಾಲ್ ಪಿಟೀಲಿನ ಆಕಾರದಲ್ಲಿ ಇರುವುದರಿಂದ ಅಲ್ಲಿ ಸೌಂಡ್ ಚೆನ್ನಾಗಿರುತ್ತದೆ ಅಂತ ನಮ್ಮ ಮೇಷ್ಟ್ರು ಹೇಳಿದರು. ಹೌದಾ ಅಂಕಲ್? — ಒಂಬತ್ತನೇ ತರಗತಿ ವಿದ್ಯಾರ್ಥಿನಿ, ರಾಜಾಜಿನಗರ

ಉತ್ತರ: ಮೇಷ್ಟ್ರಿಗೆ ಹೇಳಬೇಡ ಮಗೂ, ಇಲ್ಲ. ಪಿಟೀಲಿನ ಆಕಾರ ಇರುವುದು ಹೊರಗಡೆ. ತಂತಿ, ಬಿರಡೆ, ಕಮಾನು ಎಲ್ಲವನ್ನೂ ಕಟ್ಟಡದ ಮೇಲೆ ಮಾಡಿದ್ದಾರೆ. ಒಳಗೆ ಹೋಗಿ ಕೂತರೆ ಅದು ಸಾವಿರಕ್ಕಿಂತ ಸ್ವಲ್ಪ ಜಾಸ್ತಿ ಜನ ಹಿಡಿಸುವ ಒಳ್ಳೆಯ ಸಭಾಂಗಣ. ಪಿಟೀಲಿನೊಳಗೆ ಕೂತಿದ್ದೀನಿ ಅಂತ ಯಾರಿಗೂ ಅನ್ನಿಸೋದಿಲ್ಲ. ಸೌಂಡ್ ಚೆನ್ನಾಗಿ ಬರಬೇಕಾದರೆ ಗೋಡೆಗೆ ಏನು ಹೊದಿಸಿದ್ದಾರೆ, ಸೀಟಿಗೆ ಎಂಥ ಬಟ್ಟೆ, ಎಷ್ಟು ಜನ ಬಂದಿದ್ದಾರೆ, ಇವು ಮುಖ್ಯ. ಜನರ ಮೈ, ಬಟ್ಟೆ ಸದ್ದು ಹೀರುತ್ತವೆ. ಅದಕ್ಕೇ ಮಧ್ಯಾಹ್ನ ಖಾಲಿ ಹಾಲ್‌ನಲ್ಲಿ ‘ಹಲೋ ಚೆಕ್’ ಮಾಡಿ ಸರಿಪಡಿಸಿದ್ದು ಸಂಜೆ ಜನ ತುಂಬಿದ ಮೇಲೆ ಬೇರೆಯೇ ಆಗಿರುತ್ತದೆ. ಮುನ್ನೂರು ರೇಷ್ಮೆ ಸೀರೆ ಬಂದರೆ ನಾವು ಎಲ್ಲ ನಾಬ್ ಮತ್ತೆ ಮುಟ್ಟಬೇಕು.

ಆದರೆ ಚೌಡಯ್ಯನವರ ಕಥೆ ನಿನಗೆ ಗೊತ್ತಿರಲಿ. ನನಗೆ ಅವರು ಒಂಥರಾ ನಮ್ಮ ಕಸುಬಿನವರು ಅನ್ನಿಸುತ್ತದೆ. ಟಿ. ಚೌಡಯ್ಯ ತಿರುಮಕೂಡಲಿನವರು, ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯ. ಆ ಕಾಲಕ್ಕೆ ಮೈಕ್ ಇಲ್ಲ. ಹಾಡುವವರದು ಗಟ್ಟಿ ಗಂಟಲು. ಪಿಟೀಲಿನ ಸದ್ದು ಹಿಂದಿನ ಸಾಲಿಗೆ ಹೋಗುತ್ತಿರಲಿಲ್ಲ. ಅವರು ಪಿಟೀಲಿನ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿದರು. ಸದ್ದು ತುಂಬಿಕೊಂಡಿತು. ಕರೆಂಟಿಲ್ಲದ ಆಂಪ್ಲಿಫೈಯರ್ ಅದು! ಅವರು ತೀರಿಕೊಂಡಿದ್ದು 1967ರಲ್ಲಿ. ಕೆ.ಕೆ. ಮೂರ್ತಿಯವರು ಕಟ್ಟಿಸಿದ ಈ ಹಾಲ್ ಬಾಗಿಲು ತೆರೆದದ್ದು 1980ರಲ್ಲಿ. ಮುಂದಿನ ಸಲ ಹೋದಾಗ ಹೊರಗೆ ನಿಂತು ತಂತಿ ಎಣಿಸು.

ಅಂದ ಹಾಗೆ ಎಸಿ ಹಾಲ್‌ಗಳಲ್ಲಿ ಒಂದು ತಮಾಷೆ ನೋಡು. ಮೃದಂಗದವರು ಗ್ರೀನ್ ರೂಮ್‌ನಲ್ಲಿ ಕಲ್ಲು ಹಿಡಿದು ಗಟ್ಟಾಗಿ ಶ್ರುತಿ ಮಾಡಿಕೊಂಡು ಬಂದಿರುತ್ತಾರೆ. ಸ್ಟೇಜ್ ಮೇಲೆ ತಣ್ಣನೆ ಗಾಳಿ, ತಲೆ ಮೇಲೆ ಬಿಸಿ ಲೈಟು. ಹತ್ತು ನಿಮಿಷದಲ್ಲಿ ಚರ್ಮ ಮಾತು ಬದಲಿಸುತ್ತದೆ. ಮತ್ತೆ ಟಕ್ ಟಕ್. ಎಡಗಡೆಗೆ ಹಚ್ಚಿದ ರವೆ ಒಣಗಿ ಉದುರುತ್ತದೆ. ‘ಎಸಿ ಸ್ವಲ್ಪ ಕಮ್ಮಿ ಮಾಡಿಸಿ’ ಅಂತ ನನಗೆ ಸನ್ನೆ ಮಾಡುತ್ತಾರೆ. ಎಸಿಯ ಸ್ವಿಚ್ ನನ್ನ ಹತ್ತಿರ ಯಾವತ್ತೂ ಇರಲಿಲ್ಲ. ಆದರೂ ತಲೆ ಆಡಿಸುತ್ತೇನೆ. ಅವರಿಗೆ ಸಮಾಧಾನವಾಗುತ್ತದೆ, ಚೆನ್ನಾಗಿ ನುಡಿಸುತ್ತಾರೆ.

ಪ್ರಶ್ನೆ: ಕಬ್ಬನ್ ಪಾರ್ಕಿನಲ್ಲಿ ಬ್ಯಾಂಡ್‌ಸ್ಟ್ಯಾಂಡ್ ಇದೆಯಂತಲ್ಲ, ಯಾವ ಬಸ್ಸು ಹೋಗುತ್ತೆ? — ಮಾಲೂರಿನ ಓದುಗರು

ಉತ್ತರ: ಬಸ್ಸು ಯಾವುದಾದರೂ ಸರಿ, ಇಳಿದ ಮೇಲೆ ನಡೆಯಬೇಕು. ಎಂಟು ಮೂಲೆಯ ಕಬ್ಬಿಣದ ಮಂಟಪ ಅದು. ಬ್ರಿಟಿಷರ ಕಾಲದಲ್ಲಿ ಮಿಲಿಟರಿ ಬ್ಯಾಂಡಿನವರು ನಿಂತು ಬಾರಿಸುತ್ತಿದ್ದರು. ಮುಂದೆ ನಮ್ಮ ಪೊಲೀಸ್ ಬ್ಯಾಂಡ್. ಮೈಕ್ ಬೇಕಿಲ್ಲದ ಜಾಗ, ಹಾಗಾಗಿ ನನಗೆ ಅಲ್ಲಿ ಒಂದು ರೂಪಾಯಿ ಹುಟ್ಟಿದ್ದಿಲ್ಲ. ಮಂಟಪದ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ತಿಂದದ್ದುಂಟು.

ಪ್ರಶ್ನೆ: ಮಗಳು ಇಂದಿರಾನಗರಕ್ಕೆ ‘ಲೈವ್ ಬ್ಯಾಂಡ್’ ಕೇಳಲು ಹೋಗುತ್ತೇನೆ ಎನ್ನುತ್ತಾಳೆ. ಆ ಹೆಸರು ಕೇಳಿದರೇ ನಮ್ಮ ಮನೆಯವರಿಗೆ ಬಿ.ಪಿ. ಏರುತ್ತದೆ. ಏನು ಮಾಡಲಿ? — ಚಿಕ್ಕಬಳ್ಳಾಪುರದ ಗೃಹಿಣಿ

ಉತ್ತರ: ತಾಯಿ, ಇದರಲ್ಲಿ ಮಗಳ ತಪ್ಪೂ ಇಲ್ಲ, ಮನೆಯವರ ತಪ್ಪೂ ಇಲ್ಲ. ತಪ್ಪು ಆ ಪದದ್ದು. ಲೈವ್ ಬ್ಯಾಂಡ್ ಅಂದರೆ ನಾಲ್ಕು ಜನ ಗಿಟಾರು, ಡ್ರಮ್ಸು ಇಟ್ಟುಕೊಂಡು ನಿಜವಾಗಿ ನುಡಿಸುವುದು, ಅಷ್ಟೇ. ಆದರೆ ಬೆಂಗಳೂರಿನ ಪೇಪರ್‌ಗಳಲ್ಲಿ ಎಷ್ಟೋ ವರ್ಷ ‘ಲೈವ್ ಬ್ಯಾಂಡ್ ಮೇಲೆ ದಾಳಿ’ ಅಂತ ಬಂದದ್ದು ಹುಡುಗಿಯರನ್ನು ಕುಣಿಸುವ ಬಾರ್‌ಗಳ ಬಗ್ಗೆ. ಅಲ್ಲಿ ಬ್ಯಾಂಡೂ ಇರಲಿಲ್ಲ, ಲೈವೂ ಇರಲಿಲ್ಲ. ಎಷ್ಟೋ ಕಡೆ ಸಿ.ಡಿ. ಓಡುತ್ತಿತ್ತು. ಪದ ಕೆಟ್ಟಿತು. ಗಿಟಾರ್ ಹುಡುಗರು ಮನೆ ಬಾಡಿಗೆಗೆ ಕೇಳಲು ಹೋದಾಗ ‘ಏನು ಕೆಲಸ’ ಅಂದರೆ ‘ಸಾಫ್ಟ್‌ವೇರ್’ ಅನ್ನುತ್ತಿದ್ದರು.

ಪದದ ಹಿಂದೆಯೇ ಕಾನೂನೂ ಬಂತು. ಇಂಥ ಮನರಂಜನೆ ನಡೆಸುವ ಜಾಗಗಳಿಗೆ ಪೊಲೀಸ್ ಲೈಸೆನ್ಸ್ ಬೇಕು ಅಂತ 2005ರಲ್ಲಿ ಆದೇಶ ಆಯಿತು. ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆದು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ವರ್ಷ ಇಂದಿರಾನಗರ, ಕೋರಮಂಗಲದಲ್ಲಿ ಎಷ್ಟೋ ಕಡೆ ಹಾಡು ನಿಂತುಹೋಯಿತು. ಲೈಸೆನ್ಸ್ ಬೇಕೆಂದರೆ ಕಟ್ಟಡಕ್ಕೆ ಓಸಿ, ಅಂದರೆ ಪ್ಲಾನ್ ಪ್ರಕಾರ ಕಟ್ಟಿದೆ, ಬಳಸಬಹುದು ಅನ್ನುವ ಪತ್ರ ಬೇಕು, ಅಗ್ನಿಶಾಮಕದವರ ಕಾಗದ ಬೇಕು. ಮನೆ ಕಟ್ಟಲು ಪ್ಲಾನ್ ಕೊಟ್ಟ ಜಾಗದಲ್ಲಿ ಹೋಟೆಲ್ ಮಾಡಿಕೊಂಡವರು ಎಲ್ಲಿಂದ ತಂದಾರು? ಗಿಟಾರಿನಲ್ಲಿ ದೋಷವಿರಲಿಲ್ಲ, ಮೆಟ್ಟಿಲಿನ ಅಗಲದಲ್ಲಿ ಇತ್ತು.

ಇಂದಿರಾನಗರದ 12ನೇ ಮೇನ್‌ನಲ್ಲಿ ‘ದಿ ಹಮ್ಮಿಂಗ್ ಟ್ರೀ’ ಅಂತ ಒಂದಿತ್ತು. 2013ರಲ್ಲಿ ಶುರು, 2019ರಲ್ಲಿ ಮುಚ್ಚಿತು. ನನ್ನ ಮಗ ಅಲ್ಲಿ ಸೌಂಡ್ ನೋಡಲು ಹೋಗುತ್ತಿದ್ದ. ಒಂದು ದಿನ ನನ್ನನ್ನೂ ಕರೆದುಕೊಂಡು ಹೋದ. ಪಂಚೆ ಉಟ್ಟು ಹೋಗಿದ್ದೆ. ಒಬ್ಬ ಹುಡುಗ ‘ಸರ್, ಸೂಪರ್ ಔಟ್‌ಫಿಟ್’ ಅಂದ. ಒಂದು ವಿಷಯ ನೋಡಿ ಆಶ್ಚರ್ಯವಾಯಿತು. ಸ್ಟೇಜ್ ಹತ್ತಿರ ನಿಂತ ಐವತ್ತು ಅರವತ್ತು ಜನ ಒಂದು ಮಾತಾಡಲಿಲ್ಲ. ಹಿಂದೆ ಬಾರ್ ಹತ್ತಿರ ಇದ್ದವರು ಒಂದು ನಿಮಿಷ ಸುಮ್ಮನಿರಲಿಲ್ಲ. ನಮ್ಮ ಸಭೆಗಳಲ್ಲೂ ಹೀಗೇ ಅಲ್ವಾ? ಮೃದಂಗದವರು ಒಬ್ಬರೇ ನುಡಿಸುವ ತನಿ ಆವರ್ತನ ಶುರುವಾದರೆ ಅರ್ಧ ಜನ ಕ್ಯಾಂಟೀನಿಗೆ.

ಮಗಳನ್ನು ಕಳಿಸಿ. ವೈಟ್‌ಫೀಲ್ಡ್ ಕಡೆ ‘ವಿಂಡ್‌ಮಿಲ್ಸ್’ನಲ್ಲಿ ಜಾಝ್ ಇರುತ್ತದೆ, ಅಲ್ಲಿ ಕೂತು ಕೇಳುವವರೇ ಹೆಚ್ಚು. ಮನೆಯವರಿಗೆ ‘ಸಂಗೀತ ಕಚೇರಿಗೆ ಹೋಗಿದ್ದಾಳೆ’ ಅನ್ನಿ. ಸುಳ್ಳೇನಲ್ಲ.

ಪ್ರಶ್ನೆ: ಅರಮನೆ ಮೈದಾನದ ದೊಡ್ಡ ರಾಕ್ ಶೋಗಳಲ್ಲಿ ಕೆಲಸ ಮಾಡಿದ್ದೀರಾ? ಈಗ ಯಾಕೆ ಅಲ್ಲಿ ಅಂಥವು ಕಮ್ಮಿ? — ಯಲಹಂಕದ ಓದುಗರು

ಉತ್ತರ: ಕೆಲಸ ಅಂದರೆ ಕೇಬಲ್ ಹೊತ್ತಿದ್ದೇನೆ. 2001ರಲ್ಲಿ ಡೀಪ್ ಪರ್ಪಲ್ ಬಂದಾಗ ನನಗೆ ಆ ಹೆಸರು ಯಾವುದೋ ಬಣ್ಣದ ಡಬ್ಬಿಯದು ಅನ್ನಿಸಿತ್ತು. ಆಮೇಲೆ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ. ಮೆಟಾಲಿಕಾದವರು ಅದಕ್ಕೆ ಎರಡು ದಿನ ಮೊದಲು ದೆಹಲಿ ಹತ್ತಿರ ನುಡಿಸಬೇಕಿತ್ತು. ಅದು ರದ್ದಾಗಿ, ಅವರು ಭಾರತದಲ್ಲಿ ಮೊದಲ ಸಲ ನುಡಿಸಿದ್ದು ನಮ್ಮೂರಲ್ಲೇ ಆಯಿತು.

ಸ್ಪೀಕರನ್ನು ಕಂಬಕ್ಕೆ ಕಟ್ಟದೆ ಬಾಳೆಗೊನೆ ತರ ಒಂದರ ಕೆಳಗೊಂದು ನೇತು ಹಾಕುವುದನ್ನು ನಾನು ಹತ್ತಿರದಿಂದ ನೋಡಿದ್ದು ಆ ಮೈದಾನದಲ್ಲಿ. ಲೈನ್ ಅರೇ ಅಂತಾರೆ. ಗೊನೆಯ ಮೇಲಿನ ಚಿಪ್ಪು ದೂರದವರಿಗೆ, ಕೆಳಗಿನ ಬಾಗಿದ ಚಿಪ್ಪು ಮುಂದಿನವರಿಗೆ. ಹಾಗಾಗಿ ಮುಂದೆ ನಿಂತವನ ಕಿವಿ ಹರಿಯದೆ ಹಿಂದಿನವನಿಗೂ ಕೇಳುತ್ತದೆ. ನಮ್ಮ ಯಜಮಾನರು ಇದ್ದಿದ್ದರೆ ಆ ಗೊನೆಯ ಕೆಳಗೆ ಚಾಪೆ ಹಾಸಿಕೊಂಡು ಮಲಗಿರುತ್ತಿದ್ದರು. ಮಧ್ಯಾಹ್ನ ಡ್ರಮ್ ಒಂದನ್ನೇ ಅರ್ಧ ಗಂಟೆ ಬಾರಿಸಿ ಬಾರಿಸಿ ಸರಿ ಮಾಡಿದರು, ಡುಬ್, ಡುಬ್, ಡುಬ್. ನನ್ನ ಜೊತೆಗಿದ್ದ ಜನರೇಟರ್ ಹುಡುಗ ‘ಪಾಪ, ಅವನಿಗೆ ಬಾರಿಸಲಿಕ್ಕೆ ಬರಲ್ಲ ಅನ್ಸುತ್ತೆ’ ಅಂದ.

ಯಾಕೆ ಕಮ್ಮಿ ಅಂದರೆ, ಜಾಗದ ಒಡೆತನದ ಬಗ್ಗೆ ಸರ್ಕಾರಕ್ಕೂ ಅರಮನೆಯವರಿಗೂ ದಶಕಗಳ ವ್ಯಾಜ್ಯ. ಸ್ವಾಧೀನಕ್ಕೆ ಅಂತ 1996ರಲ್ಲಿ ಕಾಯ್ದೆಯೇ ಆಗಿದೆ. ಜೊತೆಗೆ ಬಳ್ಳಾರಿ ರಸ್ತೆಯ ಟ್ರಾಫಿಕ್ ನಿಮಗೆ ಗೊತ್ತೇ ಇದೆ. ಇನ್ನೊಂದು, ಮದುವೆಗೆ ಬರುವ ದುಡ್ಡು ಗಿಟಾರಿಗೆ ಬರೋದಿಲ್ಲ. ದೊಡ್ಡ ಶೋಗಳು ಊರಾಚೆ ಸರಿದವು. 2012ರಲ್ಲಿ ಗನ್ಸ್ ಎನ್ ರೋಸಸ್ ನುಡಿಸಿದ್ದು ಥಣಿಸಂದ್ರದ ಕಡೆಯ ಭಾರತೀಯ ಸಿಟಿಯಲ್ಲಿ. 2025ರ ಫೆಬ್ರವರಿಯಲ್ಲಿ ಎಡ್ ಶೀರನ್ ಹಾಡಿದ್ದು ತುಮಕೂರು ರಸ್ತೆ ಕಡೆಯ ನೈಸ್ ಮೈದಾನದಲ್ಲಿ. ಹಾಡು ಕೇಳಲಿಕ್ಕೆ ಎರಡು ಗಂಟೆ, ಹೋಗಿ ಬರಲಿಕ್ಕೆ ನಾಲ್ಕು.

ಪ್ರಶ್ನೆ: ಅದೇ ಎಡ್ ಶೀರನ್ ಚರ್ಚ್ ಸ್ಟ್ರೀಟಿನ ಫುಟ್‌ಪಾತ್‌ನಲ್ಲಿ ಹಾಡುವಾಗ ಪೊಲೀಸರು ಮೈಕಿನ ವೈರ್ ಕಿತ್ತರಲ್ಲ. ಒಬ್ಬ ಮೈಕ್‌ನವರಾಗಿ ನಿಮಗೇನನ್ನಿಸಿತು? — ಮಂಡ್ಯದ ಓದುಗರು

ಉತ್ತರ: ವೈರ್ ಕೀಳುವಾಗ ವಾಲ್ಯೂಮ್ ಇಳಿಸಿ ಕೀಳಬೇಕು, ಇಲ್ಲದಿದ್ದರೆ ಸ್ಪೀಕರ್‌ಗೆ ಪೆಟ್ಟು. ಪರ್ಮಿಷನ್ ಇತ್ತೋ ಇಲ್ಲವೋ ಅಂತ ಅವರವರು ಅವರವರದು ಹೇಳಿದರು. ನನ್ನ ಸರ್ವಿಸ್‌ನಲ್ಲಿ ಹತ್ತಾರು ಸಲ ವೈರ್ ಕೀಳಿಸಿಕೊಂಡಿದ್ದೇನೆ. ಯಾವ ಪೇಪರ್‌ನಲ್ಲೂ ಬರಲಿಲ್ಲ.

ಪ್ರಶ್ನೆ: ನಮ್ಮ ಬೀದಿಯಲ್ಲಿ ನವೆಂಬರ್ ಪೂರ್ತಿ ರಾಜ್ಯೋತ್ಸವದ ಆರ್ಕೆಸ್ಟ್ರಾ. ಕನ್ನಡದ ಮೇಲೆ ಪ್ರೀತಿ ಇದೆ, ಆದರೆ ಮನೆಯ ಕಿಟಕಿ ಗಾಜು ಗಡಗಡ ಅನ್ನುತ್ತದೆ. ಕಾನೂನು ಏನು ಹೇಳುತ್ತದೆ? — ವಿಜಯನಗರದ ನಿವೃತ್ತ ನೌಕರರು

ಉತ್ತರ: ನಾನೇ ಆ ಗಾಜು ಅಲುಗಾಡಿಸಿದವನು ಸ್ವಾಮಿ, ಕ್ಷಮಿಸಿ. ಅಣ್ಣಮ್ಮ ದೇವಿ ಉತ್ಸವ, ಗಣಪತಿ, ರಾಜ್ಯೋತ್ಸವ, ಇವು ಮೂರೇ ನಮ್ಮ ಕಸುಬಿಗೆ ಅನ್ನ ಹಾಕಿದ್ದು. ಚೌಡಯ್ಯ ಹಾಲ್ ಅಲ್ಲ.

ಕಾನೂನು ಹೀಗಿದೆ. ಶಬ್ದ ಮಾಲಿನ್ಯದ ನಿಯಮ 2000ನೇ ಇಸವಿಯದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಅಂತ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಾತ್ರ 12 ಗಂಟೆವರೆಗೆ ಸರ್ಕಾರ ಬಿಡಬಹುದು. ಮನೆಗಳಿರುವ ಜಾಗಕ್ಕೆ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ಈಗ ತಮಾಷೆ ಕೇಳಿ. ನಾನೂ ನೀವೂ ಎದುರುಬದುರು ಕೂತು ಮಾತಾಡಿದರೇ 60 ಆಗುತ್ತದೆ. ಅಂದಮೇಲೆ ಆರ್ಕೆಸ್ಟ್ರಾ ಬಿಡಿ, ನಿಮ್ಮ ಬೀದಿಯ ತರಕಾರಿ ಗಾಡಿಯವನೂ ಅಪರಾಧಿ.

10 ಗಂಟೆ ಅನ್ನುವುದು ಎಷ್ಟು ಬದಲಾಯಿಸಿತು ಅಂತ ನಮಗೆ ಗೊತ್ತು. ಮೊದಲು ಆರ್ಕೆಸ್ಟ್ರಾ ಶುರುವಾಗುತ್ತಿದ್ದುದೇ ಒಂಬತ್ತೂವರೆಗೆ. ಮನೆಯಲ್ಲಿ ಊಟ ಮುಗಿಸಿ, ಮಕ್ಕಳಿಗೆ ಸ್ವೆಟರ್ ಹಾಕಿ, ಚಾಪೆ ತಗೊಂಡು ಜನ ಬರುತ್ತಿದ್ದರು. ಮೊದಲು ‘ಗಜಮುಖನೆ’ ತರದ್ದೊಂದು, ಆಮೇಲೆ ಅಣ್ಣಾವ್ರ ಹಾಡು, ಹನ್ನೆರಡಾದ ಮೇಲೆ ಡಾನ್ಸ್ ಹಾಡು. ಈಗ ಹಾಡುವವರು ಏಳಕ್ಕೆ ಬರಬೇಕು, ಅಧ್ಯಕ್ಷರ ಭಾಷಣ ಒಂಬತ್ತಕ್ಕೆ ಮುಗಿಯುತ್ತದೆ, ಉಳಿದ ಒಂದು ಗಂಟೆಯಲ್ಲಿ ಎಲ್ಲ ತುರುಕಬೇಕು. ಅದಕ್ಕೇ ವಾಲ್ಯೂಮ್ ಜಾಸ್ತಿ ಆಗೋದು. ಹೊತ್ತು ಕಮ್ಮಿ ಆದಷ್ಟೂ ಸದ್ದು ಏರುತ್ತದೆ, ಇದು ನನ್ನ ಲೆಕ್ಕ.

ನಿಮಗೊಂದು ಉಪಾಯ ಹೇಳುತ್ತೇನೆ. ಗಾಜು ನಡುಗಿಸುವುದು ಹಾಡಲ್ಲ, ಬೇಸ್. ನೆಲದ ಮೇಲಿಡುವ ದೊಡ್ಡ ಡಬ್ಬಿಗಳು ಅವು. ಸಂಘದ ಹುಡುಗರ ಹತ್ತಿರ ‘ನಿಲ್ಲಿಸಿ’ ಅನ್ನಬೇಡಿ, ನಿಲ್ಲಿಸೋದಿಲ್ಲ. ಸಂಜೆ ಐದಕ್ಕೆ ಮೈಕ್‌ನವನು ಡಬ್ಬಿ ಇಳಿಸುತ್ತಿರುತ್ತಾನೆ. ಅವನಿಗೊಂದು ಕಾಫಿ ಕೊಟ್ಟು ‘ಅಪ್ಪಾ, ಆ ಡಬ್ಬಿ ನಮ್ಮ ಗೋಡೆಯಿಂದ ಸ್ವಲ್ಪ ದೂರ ಇಡು, ರಸ್ತೆ ಕಡೆ ತಿರುಗಿಸು’ ಅನ್ನಿ. ಗೋಡೆಗೆ ಒರಗಿಸಿದರೆ ಬೇಸ್ ಇನ್ನೂ ಏರುತ್ತದೆ. ನನಗೆ ಯಾರೋ ಒಬ್ಬರು ಕಾಫಿ ಜೊತೆ ಎರಡು ಕೋಡುಬಳೆ ಕೊಟ್ಟಿದ್ದರು. ಅವರ ಬೀದಿಯಲ್ಲಿ ಅವತ್ತು ಬೇಸೇ ಇರಲಿಲ್ಲ.

ಪ್ರಶ್ನೆ: ನೀವು ಮತ್ತೆ ಹೋಗದ ಹಾಲ್ ಯಾವುದು? ಹೆಸರು ಹೇಳಿ. — ತುಮಕೂರಿನ ಓದುಗರು

ಉತ್ತರ: ಹೆಸರು ಹೇಳೋದಿಲ್ಲ. ಅಲ್ಲಿ ಅರ್ಥಿಂಗ್ ಸರಿ ಇರಲಿಲ್ಲ. ಒಬ್ಬ ಭಾವಗೀತೆ ಹಾಡುವ ತಾಯಿ ಮೈಕ್ ಹತ್ತಿರ ತುಟಿ ತಂದಾಗೆಲ್ಲ ಚುರ್ ಅನ್ನುತ್ತಿತ್ತು. ಮೂರು ಹಾಡಿನವರೆಗೆ ಅವರು ಹೇಳಲಿಲ್ಲ, ಮೈಕಿನಿಂದ ಹಿಂದೆ ಹಿಂದೆ ಸರಿಯುತ್ತಾ ಹೋದರು. ನಾನು ಮೂರ್ಖ, ‘ಹತ್ತಿರ ಬನ್ನಿ’ ಅಂತ ಕೈ ಸನ್ನೆ ಮಾಡುತ್ತಲೇ ಇದ್ದೆ. ಕೊನೆಗೆ ಮೈಕಿಗೆ ಕರ್ಚೀಫ್ ಸುತ್ತಿ ಹಾಡಿದರು. ಹಾಲ್‌ನವರಿಗೆ ಹೇಳಿದರೆ ‘ನಿಮ್ಮ ಮೈಕೇ ಸರಿ ಇಲ್ಲ’ ಅಂದರು. ಅವತ್ತಿನಿಂದ ಟೆಸ್ಟರ್ ನನ್ನ ಜೇಬಿನಲ್ಲೇ ಇರುತ್ತದೆ. ಮಗನ ಮದುವೆಯ ಫೋಟೊದಲ್ಲೂ ಕಾಣುತ್ತದೆ.

ಪ್ರಶ್ನೆ: ಧಾರವಾಡದಿಂದ ಕೆಲಸಕ್ಕೆ ಬಂದಿದ್ದೇನೆ. ಸಂಬಳ ಕಮ್ಮಿ, ಸಂಗೀತದ ಹುಚ್ಚು ಜಾಸ್ತಿ. ದುಡ್ಡಿಲ್ಲದೆ ಎಲ್ಲಿ ಕೇಳಬಹುದು? — ಒಬ್ಬ ಯುವಕ, ಸದ್ಯ ಬಿಟಿಎಂ ಲೇಔಟ್

ಉತ್ತರ: ತಮ್ಮಾ, ಧಾರವಾಡದವರಿಗೆ ಸಂಗೀತ ಹೇಳಿಕೊಡುವ ಧೈರ್ಯ ನನಗಿಲ್ಲ. ಜಾಗ ಮಾತ್ರ ಹೇಳುತ್ತೇನೆ.

ಬಸವನಗುಡಿಯಲ್ಲಿ ವಿಶ್ವ ಸಂಸ್ಕೃತಿ ಸಂಸ್ಥೆ ಇದೆ, ಬಿ.ಪಿ. ವಾಡಿಯಾ ರಸ್ತೆಯಲ್ಲಿ. 1945ರಿಂದ ಇದೆ. ಸಂಜೆ ಉಪನ್ಯಾಸ, ಸಂಗೀತ, ಟಿಕೆಟ್ ಕೇಳುವವರಿಲ್ಲ. ಸಣ್ಣ ಹಾಲ್, ಮೈಕ್ ಇಲ್ಲದಿದ್ದರೂ ನಡೆಯುತ್ತದೆ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ 2019ರಲ್ಲಿ ಹೊಸ ಕಟ್ಟಡಕ್ಕೆ ಬಂತು. ಅಲ್ಲಿಯೂ ಸಾಕಷ್ಟು ಕಾರ್ಯಕ್ರಮ ಉಚಿತ, ಸೌಂಡೂ ಅಚ್ಚುಕಟ್ಟು. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ ನಿನಗೆ ಗೊತ್ತಿರುತ್ತದೆ. ಟಾಗೋರರ ನೂರನೇ ವರ್ಷದ ನೆನಪಿಗೆ ಕಟ್ಟಿ 1963ರಲ್ಲಿ ತೆರೆದದ್ದು. ಅದು ಮೂಲತಃ ನಾಟಕದ ಮನೆ. ಹಾಡು ಕೇಳಬೇಕಾದರೆ ಬಾಲ್ಕನಿಯ ಕೆಳಗೆ ಮಾತ್ರ ಕೂರಬೇಡ, ಎಲ್ಲಿಯೇ ಆಗಲಿ ಬಾಲ್ಕನಿ ಕೆಳಗೆ ಸದ್ದು ಮಂಕು. ಅದರ ಹಿಂದೆ ಸಂಸ ಬಯಲು ರಂಗಮಂದಿರ. ಕಲ್ಲಿನ ಮೆಟ್ಟಿಲು, ಮೇಲೆ ಆಕಾಶ. ಕಲಾಕ್ಷೇತ್ರದೊಳಗೆ ಸುಗಮ ಸಂಗೀತ, ಹಿಂದೆ ಬಯಲಿನಲ್ಲಿ ರಾಕ್ ಹುಡುಗರು, ಎರಡಕ್ಕೂ ಒಂದೇ ಕ್ಯಾಂಟೀನ್ ಟೀ, ಹೀಗೊಂದು ಸಂಜೆ ನಾನು ಕಂಡಿದ್ದೇನೆ.

ಕೆ.ಆರ್. ರಸ್ತೆಯ ಬೆಂಗಳೂರು ಗಾಯನ ಸಮಾಜಕ್ಕೆ ಒಮ್ಮೆ ಹೋಗಲೇಬೇಕು. 1905ರದ್ದು, ನೂರು ದಾಟಿದ ಅಜ್ಜಿ. ಅಲ್ಲಿ ಹಿಂದಿನ ಸಾಲಿನಲ್ಲಿ ತಾಳ ಹಾಕುವ ಮುದುಕರ ಪಕ್ಕ ಕೂತುಕೋ. ಹಾಡುವವರು ತಾಳ ತಪ್ಪಿದರೆ ಮೊದಲು ಗೊತ್ತಾಗುವುದು ಅವರಿಗೆ, ಆಮೇಲೆ ಮೃದಂಗದವರಿಗೆ. ಗಣಪತಿ ಹಬ್ಬಕ್ಕೆ ಬಸವನಗುಡಿ ಕಡೆ ಬಂದುಬಿಡು, ‘ಬೆಂಗಳೂರು ಗಣೇಶ ಉತ್ಸವ’ 1962ರಿಂದ ನಡೆಯುತ್ತಿದೆ. ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಮ್ಯೂಸಿಯಮ್ಮಿಗೆ ಟಿಕೆಟ್ ಇದೆ, ಸಂಬಳದ ದಿನ ಹೋಗು. ಕಲ್ಲು ಕಂಬ ಬಡಿದರೆ ಸ್ವರ ಬರುವ ತೋಟ ಇದೆ ಅಲ್ಲಿ. ನಾನು ಮೊಮ್ಮಗಳನ್ನು ಕರೆದುಕೊಂಡು ಹೋಗಿ, ಅವಳಿಗಿಂತ ಜಾಸ್ತಿ ಬಡಿದು, ಕಾವಲಿನವರಿಂದ ಹೇಳಿಸಿಕೊಂಡು ಬಂದೆ.

ಪ್ರಶ್ನೆ: ಟೌನ್ ಹಾಲ್‌ನಲ್ಲಿ ಈಗ ಸಂಗೀತ ಇಲ್ಲವೇ? — ಶಿವಮೊಗ್ಗದ ಓದುಗರು

ಉತ್ತರ: ಒಳಗೆ ಆಗಾಗ ಇರುತ್ತದೆ. 1935ರ ಕಟ್ಟಡ, ಎತ್ತರದ ಕಂಬ, ನೋಡಲು ರಾಜಗಾಂಭೀರ್ಯ. ಆದರೆ ನನಗೆ ಅಲ್ಲಿ ನೆನಪಿರುವುದು ಹೊರಗಿನ ಮೆಟ್ಟಿಲು. ಎಷ್ಟು ಧರಣಿಗೆ ಆ ಮೆಟ್ಟಿಲ ಮೇಲೆ ಮೈಕ್ ಕೊಟ್ಟಿದ್ದೇನೋ. ಧರಣಿಯ ಹಾಡು ಕೇಳಿದ್ದೀರಾ? ತಮಟೆ ಒಂದಿದ್ದರೆ ಸಾಕು, ಮೈಕ್ ಬೇಡ ಅನ್ನುತ್ತಾರೆ. ದುಡ್ಡೂ ಕೊಡೋದಿಲ್ಲ. ನಾನೂ ಕೇಳಿಲ್ಲ.

ಪ್ರಶ್ನೆ: ತಂಬೂರಿ ಹಿಡಿದು ಕೂರುವವರು ಈಗ ಯಾಕೆ ಕಾಣೋದಿಲ್ಲ? — ಸಾಗರದ ಸಂಗೀತ ಶಿಕ್ಷಕಿ

ಉತ್ತರ: ಅದರಲ್ಲಿ ನಮ್ಮೂರಿನ ಪಾಲೂ ಇದೆ. ಎಲೆಕ್ಟ್ರಾನಿಕ್ ತಂಬೂರಿ ಹುಟ್ಟಿದ್ದು ಬೆಂಗಳೂರಿನಲ್ಲಿ, 1979ರಲ್ಲಿ. ರಾಡೆಲ್ ಕಂಪನಿಯ ಜಿ. ರಾಜ್ ನಾರಾಯಣ್ ಮಾಡಿದ್ದು. ನಾನು ಮೈಕ್ ಅಂಗಡಿಗೆ ಸೇರಿದ ವರ್ಷವೇ. ಅದು ಬಂದಮೇಲೆ ಬಸ್ಸಿನಲ್ಲಿ ತಂಬೂರಿಗೂ ಅರ್ಧ ಟಿಕೆಟ್ ಕೇಳುವ ಕಂಡಕ್ಟರ್ ಕಾಟ ತಪ್ಪಿತು. ನನಗೂ ಸುಲಭ, ಡಬ್ಬಿಯಿಂದ ಒಂದು ವೈರ್ ಎಳೆದರೆ ಮುಗಿಯಿತು. ಆದರೂ ಯಾರಾದರೂ ನಿಜವಾದ ತಂಬೂರಿ ತಂದರೆ ನನ್ನ ಹತ್ತಿರ ಇರುವ ಒಳ್ಳೆಯ ಮೈಕ್ ಅದಕ್ಕೇ ಇಡುತ್ತೇನೆ. ಹಾಡುವವರು ಕೋಪ ಮಾಡಿಕೊಳ್ಳುತ್ತಾರೆ.

ಪ್ರಶ್ನೆ: ಇಷ್ಟೆಲ್ಲ ಜಾಗ ನೋಡಿದ್ದೀರಿ. ಈಗ ನೀವೇ ಸಂಗೀತ ಕೇಳಬೇಕೆಂದರೆ ಎಲ್ಲಿಗೆ ಹೋಗುತ್ತೀರಿ? — ಜಯನಗರದ ಓದುಗರು

ಉತ್ತರ: ಹೋದ ವರ್ಷ ರಾಮನವಮಿಗೆ ಮಗ ಆನ್‌ಲೈನ್‌ನಲ್ಲಿ ಟಿಕೆಟ್ ತೆಗೆಸಿ, ಮುಂದಿನ ಸಾಲಿನಲ್ಲಿ ಕೂರಿಸಿದ. ಫ್ಯಾನ್ ಕೆಳಗೆ, ಮೆತ್ತನೆ ಕುರ್ಚಿ. ಮೊದಲ ವರ್ಣ ಮುಗಿಯುವವರೆಗೆ ಕೂತಿದ್ದೆ. ಮಿಕ್ಸರ್ ಹತ್ತಿರ ಇದ್ದ ಹುಡುಗ ಪಿಟೀಲನ್ನು ಸ್ವಲ್ಪ ಜಾಸ್ತಿ ಮಾಡಿದ್ದ. ನನ್ನ ಕೈ ತಾನಾಗಿ ಮೇಲೆ ಹೋಯಿತು, ಕಮ್ಮಿ ಮಾಡು ಅಂತ. ಪಕ್ಕದವರು ‘ತಾಳ ಹಾಕ್ತಿದೀರಾ?’ ಅಂದರು.

ಎದ್ದು ಹೊರಗೆ ಬಂದೆ. ಕಾಂಪೌಂಡ್ ಆಚೆ ಪಾನಕ, ಕೋಸಂಬರಿ ಹಂಚುತ್ತಿದ್ದರು. ಒಂದು ಆಟೊ ನಿಂತಿತ್ತು. ಡ್ರೈವರ್ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿ ಕೇಳುತ್ತಿದ್ದ. ಮೀಟರ್ ಮೇಲೆ ಬಟ್ಟೆ ಹೊದಿಸಿದ್ದ. ‘ಬನಶಂಕರಿಗೆ ಬರ್ತೀಯಾ?’ ಅಂದೆ. ‘ಮೇನ್ ಐಟಂ ಮುಗೀಲಿ ಸಾರ್’ ಅಂದ. ಸರಿ ಅಂತ ಮುಂದಿನ ಸೀಟಿನಲ್ಲಿ ಕೂತೆ.